ಹಳೆ ಕಾರಿನ ‘ಟಕ್ ಟಕ್’: ಗ್ಯಾರೇಜಿಗೆ ಹೋದಾಗ ಮಾತ್ರ ಯಾಕೆ ಸುಮ್ಮನಿರುತ್ತದೆ?

ಪ್ರಶ್ನೆ: ನಮ್ಮದು ಹದಿಮೂರು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಮುಂದೆ ಎಡಗಡೆಯಿಂದ ಆಗಾಗ ಟಕ್ ಟಕ್ ಅಂತ ಶಬ್ದ ಬರುತ್ತದೆ, ಒಂದೊಂದು ದಿನ ಬರುವುದೇ ಇಲ್ಲ. ಮೆಕ್ಯಾನಿಕ್ ಜಾಕ್ ಹಾಕಿ ಎತ್ತಿ, ಚಕ್ರ ಅಲ್ಲಾಡಿಸಿ ನೋಡಿ, ಏನೂ ಇಲ್ಲ ಅಂದರು. ಇನ್ನೊಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರು. ಶಬ್ದ ಹಾಗೇ ಇದೆ. ಇನ್ನೇನು ಬದಲಿಸಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಎಡಗಡೆ ಅಂತ ತೀರ್ಮಾನ ಮಾಡಿಕೊಂಡಿದ್ದೀರಲ್ಲ, ಅದನ್ನೂ ಸ್ವಲ್ಪ ದಿನ ಮರೆತುಬಿಡಿ. ಕಾರಿನ ಬಾಡಿ ಎಂದರೆ ಒಂದಕ್ಕೊಂದು ಬೆಸೆದ ತಗಡು. ಒಂದು ಮೂಲೆಯಲ್ಲಿ ಬಿದ್ದ ಏಟು ಇನ್ನೊಂದು ಮೂಲೆಯಲ್ಲಿ ಕೇಳಿಸುವುದು ತೀರಾ ಸಾಮಾನ್ಯ. ಕಿವಿ ಹೇಳುವ ಜಾಗವನ್ನು ನಂಬಿ ಬಿಡಿಭಾಗ ಬದಲಿಸುತ್ತ ಹೋದವರು ಹತ್ತಾರು ಸಾವಿರ ಕಳೆದುಕೊಂಡು ಮತ್ತೆ ಅದೇ ಶಬ್ದ ಕೇಳುತ್ತ ಕೂರುತ್ತಾರೆ. ಶಬ್ದ ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಹಿಡಿಯಿರಿ, ಜಾಗ ಆಮೇಲೆ ತಾನಾಗಿಯೇ ಸಿಗುತ್ತದೆ.

ಬಂದು ಹೋಗುವ ಶಬ್ದದ ಹಿಂದೆ ಒಂದು ಸರಳ ಕಾರಣವಿದೆ. ಸವೆದ ಜಾಯಿಂಟ್ ಸಡಿಲವಾಗಿದೆ ಅಂದಮಾತ್ರಕ್ಕೆ ಶಬ್ದ ಮಾಡುವುದಿಲ್ಲ. ಅದರ ಮೇಲೆ ಭಾರ ಒಂದೇ ಕಡೆಗೆ ಒತ್ತುತ್ತಿರುವವರೆಗೆ ಸಡಿಲ ಎಲ್ಲ ಒಂದು ಮಗ್ಗುಲಿಗೆ ಸೇರಿಕೊಂಡು ಸುಮ್ಮನಿರುತ್ತದೆ. ಒತ್ತಡ ಆ ಕಡೆಯಿಂದ ಈ ಕಡೆಗೆ ತಿರುಗಿದ ಕ್ಷಣದಲ್ಲಿ ಲೋಹಕ್ಕೆ ಲೋಹ ಬಡಿದು ‘ಟಕ್’ ಅನ್ನುತ್ತದೆ. ಅಗುಳಿ ಸಡಿಲವಾದ ಬಾಗಿಲು ಗಾಳಿ ಒಂದೇ ಸಮ ಬೀಸುವಾಗ ಬಡಿದುಕೊಳ್ಳುವುದಿಲ್ಲ, ಗಾಳಿ ದಿಕ್ಕು ಬದಲಿಸಿದಾಗ ಬಡಿದುಕೊಳ್ಳುತ್ತದೆ. ಹಾಗಾಗಿ ಪ್ರತಿಸಲ ಶಬ್ದ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಕ್ಷಣದಲ್ಲಿ ಯಾವುದರ ಮೇಲಿನ ಒತ್ತಡ ದಿಕ್ಕು ಬದಲಿಸಿತು?

ಅದಕ್ಕೂ ಮುಂಚೆ ಐದು ನಿಮಿಷದ ಕೆಲಸ. ಡಿಕ್ಕಿಯಲ್ಲಿ ಇರುವುದನ್ನೆಲ್ಲ ಕೆಳಗಿಳಿಸಿ. ಜಾಕ್, ವೀಲ್ ಸ್ಪ್ಯಾನರ್, ಸ್ಟೆಪ್ನಿಯ ಬೋಲ್ಟ್, ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ, ಎಲ್ಲವೂ. ನಾಲ್ಕೂ ಚಕ್ರದ ನಟ್ ಬಿಗಿಯಾಗಿವೆಯಾ ನೋಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಇದನ್ನು ಇವತ್ತೇ ನೋಡಿ. ಟೈರಿನ ಗೀರುಗಳಲ್ಲಿ ಕಲ್ಲು ಸಿಕ್ಕಿಕೊಂಡಿದೆಯಾ, ವೀಲ್ ಕ್ಯಾಪ್ ಅಲ್ಲಾಡುತ್ತಿದೆಯಾ, ಬಾನೆಟ್ ತೆಗೆದು ಬ್ಯಾಟರಿಯ ಕ್ಲಾಂಪ್ ಬಿಗಿಯಿದೆಯಾ ಅನ್ನುವುದನ್ನೂ. ಇದನ್ನು ಹೇಳಿದರೆ ಹಲವರಿಗೆ ಅವಮಾನ ಅನ್ನಿಸುತ್ತದೆ. ಆದರೆ ಬ್ಯಾಟರಿ ಅಲ್ಲಾಡುವ ಶಬ್ದಕ್ಕೆ ಸಸ್ಪೆನ್ಷನ್ (ಚಕ್ರಗಳನ್ನು ಬಾಡಿಯೊಂದಿಗೆ ಸೇರಿಸಿ ರಸ್ತೆಯ ಏಟು ತಡೆಯುವ ಭಾಗಗಳು) ಬಿಚ್ಚಿಸಿಕೊಂಡ ಕಾರುಗಳು ಬೇಕಾದಷ್ಟಿವೆ.

ಈಗ ಮೊದಲ ವಿಂಗಡಣೆ. ಶಬ್ದ ಇಂಜಿನ್ನಿನ ವೇಗಕ್ಕೆ ತಕ್ಕಂತೆ ಬರುತ್ತದೆಯೋ, ಚಕ್ರದ ವೇಗಕ್ಕೆ ತಕ್ಕಂತೆಯೋ, ರಸ್ತೆಗೆ ತಕ್ಕಂತೆಯೋ? ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಅಕ್ಸಿಲರೇಟರ್ ಒತ್ತಿದಾಗ ಬಂದರೆ ಇಂಜಿನ್ನಿನದು. ನುಣುಪಾದ ರಸ್ತೆಯಲ್ಲೂ ತಾಳ ಹಾಕಿದಂತೆ ಬಂದು, ಕಾರು ನಿಧಾನವಾದಾಗ ತಾಳವೂ ನಿಧಾನವಾದರೆ ತಿರುಗುವ ಯಾವುದೋ ಭಾಗದ್ದು. ಗುಂಡಿ, ಹಂಪು, ತಿರುವು, ಬ್ರೇಕು ಇವುಗಳಿಗೆ ಮಾತ್ರ ಬಂದರೆ ಸಸ್ಪೆನ್ಷನ್ನು, ಸ್ಟಿಯರಿಂಗು ಅಥವಾ ಮೌಂಟಿಂಗ್, ಅಂದರೆ ಭಾಗಗಳನ್ನು ಕಾರಿನ ಬಾಡಿಯ ಮೇಲೆ ಕೂರಿಸುವ ರಬ್ಬರ್ ಆಧಾರ.

ತಾಳದ ಶಬ್ದವಾದರೆ ಎಣಿಸಿಯೇ ಬಿಡಬಹುದು. 155/65 ಆರ್13 ಅಳತೆಯ ಟೈರಿನ ಸುತ್ತಳತೆ ಸುಮಾರು 1.67 ಮೀಟರ್. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 2.78 ಮೀಟರ್ ಹೋಗುತ್ತದೆ. ಅಂದರೆ ಹತ್ತು ಸೆಕೆಂಡಿಗೆ ಚಕ್ರ 16ರಿಂದ 17 ಸುತ್ತು. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಹತ್ತು ಸೆಕೆಂಡು ಇಟ್ಟುಕೊಂಡು ಎಣಿಸಲಿ. ಲೆಕ್ಕ ಇದರ ಹತ್ತಿರ ಬಂದರೆ ಚಕ್ರದ ಒಂದು ಸುತ್ತಿಗೆ ಒಂದು ಏಟು: ಟೈರಿನಲ್ಲಿ ಕಲ್ಲು, ಉಬ್ಬಿದ ಟೈರು, ಸಡಿಲ ನಟ್, ಬ್ರೇಕ್ ಡಿಸ್ಕ್‌ಗೆ ತಾಗುವ, ಧೂಳು ತಡೆಯುವ ತಗಡು. ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಂದರೆ ಬೇರೆ ಕಡೆ ನೋಡಬೇಕು.

ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ರಸ್ತೆಗೆ ಸಂಬಂಧಿಸಿದ್ದು ಅನ್ನಿಸುತ್ತದೆ. ಹಾಗಾದರೆ ಹೀಗೆ ಮಾಡಿ. ರಸ್ತೆಯ ಅಗಲಕ್ಕೂ ಹಾಕಿರುವ ಒಂದು ಹಂಪನ್ನು ನಿಧಾನವಾಗಿ, ನೇರವಾಗಿ, ಮುಂದಿನ ಎರಡೂ ಚಕ್ರ ಒಟ್ಟಿಗೆ ಏರುವಂತೆ ದಾಟಿ. ಆಮೇಲೆ ಅದೇ ಹಂಪನ್ನು ಓರೆಯಾಗಿ, ಒಂದು ಚಕ್ರ ಮೊದಲು ಇನ್ನೊಂದು ಆಮೇಲೆ ಏರುವಂತೆ ದಾಟಿ. ಹಿಂದೆ ವಾಹನ ಇಲ್ಲದ ಹೊತ್ತು ನೋಡಿಕೊಳ್ಳಿ. ನೇರವಾಗಿ ದಾಟಿದಾಗ ಮೌನ, ಓರೆಯಾಗಿ ದಾಟಿದಾಗ ‘ಟಕ್ ಟಕ್’ ಅಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ.

ಯಾಕೆ ಅಂದರೆ, ಮುಂದಿನ ಎರಡು ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಎಂಬ ಬಾಗಿಸಿದ ಕಬ್ಬಿಣದ ಸರಳು ಇರುತ್ತದೆ. ತಿರುವಿನಲ್ಲಿ ಕಾರು ಒಂದು ಕಡೆ ವಾಲದಂತೆ ಹಿಡಿಯುವುದು ಅದರ ಕೆಲಸ. ಅದರ ಎರಡು ತುದಿಗಳನ್ನು ಸಸ್ಪೆನ್ಷನ್ನಿಗೆ ಸೇರಿಸುವ ಗೇಣುದ್ದದ ಕೊಂಡಿಯೇ ಲಿಂಕ್ ರಾಡ್. ಅದರ ಎರಡೂ ತುದಿಗೆ ಚಿಕ್ಕ ಬಾಲ್ ಜಾಯಿಂಟ್, ಅಂದರೆ ಬಟ್ಟಲಿನೊಳಗೆ ಗುಂಡು ತಿರುಗುವಂಥ ಕೀಲು. ಎರಡೂ ಚಕ್ರ ಒಟ್ಟಿಗೆ ಏರಿದರೆ ಬಾರ್ ಪೂರ್ತಿಯಾಗಿ ಜೊತೆಯಲ್ಲೇ ತಿರುಗುತ್ತದೆ, ತಿರುಚಿಕೊಳ್ಳುವುದಿಲ್ಲ, ಲಿಂಕ್ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದರೆ ಬಾರ್ ತಿರುಚಿಕೊಳ್ಳುತ್ತದೆ, ಲಿಂಕನ್ನು ಒಮ್ಮೆ ಎಳೆಯುತ್ತದೆ, ಮರುಕ್ಷಣ ತಳ್ಳುತ್ತದೆ. ಬಾಲ್ ಜಾಯಿಂಟಿನ ರಬ್ಬರ್ ಹರಿದು ಧೂಳು ನೀರು ಒಳಹೊಕ್ಕು ಗ್ರೀಸ್ ಒಣಗಿದ್ದರೆ ಅಲ್ಲಿ ಕೂದಲೆಳೆಯಷ್ಟು ಸಡಿಲ ಸಾಕು, ನಮ್ಮ ಹಳ್ಳ ಬಿದ್ದ ಟಾರು ರಸ್ತೆಯಲ್ಲಿ ಕಟಕಟ ಶುರು.

ನಿಮ್ಮ ಮೆಕ್ಯಾನಿಕ್ ಯಾಕೆ ಹಿಡಿಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಒಂದು ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಿದರೆ ಆ ಚಕ್ರ ಜೋತುಬೀಳುತ್ತದೆ, ಇನ್ನೊಂದು ನೆಲದ ಮೇಲೇ ಇರುತ್ತದೆ. ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಎರಡೂ ಲಿಂಕ್‌ಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸಡಿಲ ಇದ್ದರೂ ಕೈಗೆ ಸಿಗುವುದಿಲ್ಲ. ಇದನ್ನು ನೋಡಬೇಕಾದರೆ ಎರಡೂ ಚಕ್ರ ನೆಲದ ಮೇಲಿರಬೇಕು, ಅಥವಾ ಎರಡೂ ಒಟ್ಟಿಗೆ ಜೋತುಬಿದ್ದಿರಬೇಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುತ್ತದೆ. ಲಿಂಕನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಬೆರಳಿಗೆ ಚಿಕ್ಕ ‘ಟಿಕ್’ ಸಿಕ್ಕಿದರೂ ಅದು ಮುಗಿದ ಕಥೆ.

ಇನ್ನೂ ಅನುಮಾನವಿದ್ದರೆ ಬದಲಿಸುವ ಮುಂಚೆ ಒಂದು ಪರೀಕ್ಷೆ ಮಾಡಿಸಬಹುದು. ಎರಡೂ ಲಿಂಕ್ ರಾಡ್ ಬಿಚ್ಚಿಸಿ, ಬಾರ್‌ನ ತುದಿಗಳು ಎಲ್ಲಿಗೂ ತಾಗದಂತೆ ಕಟ್ಟಿಸಿ, ಮೆಕ್ಯಾನಿಕ್ ಜೊತೆಯಲ್ಲೇ ಗ್ಯಾರೇಜಿನ ಸುತ್ತಮುತ್ತ ನಿಧಾನವಾಗಿ ಓಡಿಸಿ ನೋಡಿ. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಹಾಗಾಗಿ ವೇಗ ಬೇಡ, ಹೆದ್ದಾರಿ ಬೇಡವೇ ಬೇಡ. ಶಬ್ದ ಮಾಯವಾದರೆ ಸಾಕ್ಷಿ ಸಿಕ್ಕಿತು. ಶಾಕ್ ಅಬ್ಸಾರ್ಬರ್ ಜೋಡಿಯ ಬೆಲೆಯ ಮುಂದೆ ಲಿಂಕ್ ರಾಡ್ ಜೋಡಿಯ ಬೆಲೆ ಏನೇನೂ ಅಲ್ಲ. ಅಂದಹಾಗೆ, ಮಾರುತಿ 800ರಂಥ ಹಳೆ ಕಾರುಗಳಲ್ಲಿ ಈ ಲಿಂಕ್ ಇರುವುದೇ ಇಲ್ಲ. ಬಾರ್‌ನ ತುದಿಯೇ ಬುಷ್ ಎಂಬ ರಬ್ಬರ್ ಬಳೆಯ ಮೂಲಕ ಲೋವರ್ ಆರ್ಮ್‌ಗೆ, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿಗೆ, ಸೇರುತ್ತದೆ, ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೂ ಅದೇ. ಹಾಗಾಗಿ ಅಲ್ಲಿ ಬುಷ್ ಸವೆದರೆ ಗುಂಡಿಗಿಂತ ಬ್ರೇಕ್ ಹಾಕಿದಾಗ ‘ಡಬ್’ ಅನ್ನುವುದು ಹೆಚ್ಚು.

ಎರಡೂ ಬಗೆಯಲ್ಲಿ ದಾಟಿದಾಗ ಬರುವ ಶಬ್ದಕ್ಕೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೌಂಟಿಂಗ್ ನೋಡಿ. ಶಾಕ್ ಅಬ್ಸಾರ್ಬರ್ ಹೊಸದಾದರೂ ಅದರ ತಲೆಯ ಮೇಲಿನ ರಬ್ಬರ್ ಮೌಂಟಿಂಗ್ ಮತ್ತು ಬೇರಿಂಗ್ ಹಳೆಯದನ್ನೇ ಹಾಕಿ ಕೂಡಿಸಿರುವ ಸಾಧ್ಯತೆ ಇದೆ, ನಡುವಿನ ನಟ್ ಸರಿಯಾಗಿ ಬಿಗಿಯದೆ ಇರುವ ಸಾಧ್ಯತೆಯೂ ಇದೆ. ಬಿಲ್ಲಿನಲ್ಲಿ ಮೌಂಟಿಂಗ್ ಎಂದು ಬರೆದಿದ್ದಾರಾ ನೋಡಿ. ಕಾರು ನಿಂತಿರುವಾಗ ಒಬ್ಬರು ಸ್ಟಿಯರಿಂಗ್ ತಿರುಗಿಸಲಿ, ನೀವು ಬಾನೆಟ್ ತೆಗೆದು ಮೌಂಟಿಂಗ್ ತಲೆಯ ಮೇಲೆ ಅಂಗೈ ಇಡಿ. ಸ್ಪ್ರಿಂಗ್ ತಡೆತಡೆದು ತಿರುಗಿ ‘ಟಣ್’ ಅಂತ ಜಿಗಿದರೆ ಕೈಗೇ ಗೊತ್ತಾಗುತ್ತದೆ.

ಬ್ರೇಕ್ ವಿಷಯ ಬೇಗ ಮುಗಿಯುತ್ತದೆ. ಶಬ್ದ ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಎಡಗಾಲಿನಿಂದಲ್ಲ, ಬಲಗಾಲಿನಿಂದಲೇ ಹಗುರವಾಗಿ ಮುಟ್ಟಿ. ಶಬ್ದ ತಕ್ಷಣ ನಿಂತರೆ ಬ್ರೇಕ್ ಪ್ಯಾಡ್ ಅಥವಾ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿನ್ ಸಡಿಲ, ಪೆಡಲ್ ಒತ್ತಿದಾಗ ಎರಡೂ ಬಿಗಿಯಾಗಿ ಕೂರುತ್ತವೆ. ಬ್ರೇಕ್ ಹಾಕಿದಾಗಲೇ ಒಂದೇ ಒಂದು ‘ಡಬ್’, ಬಿಟ್ಟಾಗ ಇನ್ನೊಂದು ಅಂದರೆ ಲೋವರ್ ಆರ್ಮ್ ಬುಷ್. ರಿವರ್ಸ್ ತೆಗೆದು ಬ್ರೇಕ್ ಹಾಕಿ, ಮತ್ತೆ ಮುಂದೆ ಹೋಗಿ ಬ್ರೇಕ್ ಹಾಕಿದಾಗ ಒಂದು ಸಲ ಮಾತ್ರ ಬರುವ ‘ಟಕ್’ ಪ್ಯಾಡ್ ಜಾಗ ಬದಲಿಸುವ ಶಬ್ದ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಖಾಲಿ ಮೈದಾನದಲ್ಲಿ ನಿಧಾನವಾಗಿ ವೃತ್ತ ಹಾಕುವಾಗ ಕಟಕಟ ಅಂದರೆ ಡ್ರೈವ್ ಶಾಫ್ಟ್‌ನ (ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ದಂಡ) ಹೊರ ಜಾಯಿಂಟ್. ಚಕ್ರದ ಒಳಮಗ್ಗುಲಲ್ಲಿ ಗ್ರೀಸ್ ಎರಚಿದ ಕಲೆ ಇದ್ದರೆ ರಬ್ಬರ್ ಬೂಟ್ ಹರಿದಿದೆ. ಅಕ್ಸಿಲರೇಟರ್ ಒತ್ತಿ ಬಿಟ್ಟಾಗ, ಕ್ಲಚ್ ಬಿಡುವಾಗ ಕಾಲಡಿಯಲ್ಲಿ ‘ಡಬ್’ ಅಂದರೆ ಇಂಜಿನ್ ಮೌಂಟಿಂಗ್. ಹಳೆ ಕಾರಿನಲ್ಲಿ ಅದರ ರಬ್ಬರ್ ಸೀಳಿ ಕೂತಿರುತ್ತದೆ. ಬೆಳಗಿನ ಚಳಿಯಲ್ಲಿ ರಬ್ಬರ್ ಗಟ್ಟಿಯಾಗಿರುವುದರಿಂದ ಕೆಲವು ಬುಷ್‌ಗಳು ಆಗ ಮಾತ್ರ ಶಬ್ದ ಮಾಡಿ ಮಧ್ಯಾಹ್ನಕ್ಕೆ ಸುಮ್ಮನಾಗುತ್ತವೆ. ಮಳೆಯಲ್ಲಿ ನೆನೆದ ದಿನ ಶಬ್ದ ನಿಲ್ಲುವುದೂ ಉಂಟು. ನಿಮ್ಮ ‘ಒಂದೊಂದು ದಿನ ಬರುವುದೇ ಇಲ್ಲ’ ಹಿಂದೆ ಇಂಥದ್ದೇ ಏನಾದರೂ ಇದೆಯಾ ಗಮನಿಸಿ.

ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಒಂದು ಸುತ್ತು ಹೋಗಿ ಬನ್ನಿ. ಶಬ್ದ ಅವರಿಗೇ ಹತ್ತಿರ ಕೇಳಿಸಿದರೆ ಸೈಲೆನ್ಸರ್ ನೇತುಹಾಕಿರುವ ರಬ್ಬರ್, ಹಿಂದಿನ ಶಾಕ್ ಅಬ್ಸಾರ್ಬರ್ ಬುಷ್ ನೋಡಿಸಿ. ಹಳೆ ಆಲ್ಟೊ, ಮೊದಲ ತಲೆಮಾರಿನ ವ್ಯಾಗನ್ ಆರ್‌ಗಳಲ್ಲಿ ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಲ್ಯಾಟರಲ್ ರಾಡ್ ಇರುತ್ತದೆ. ಅದರ ಬುಷ್ ಹೋದರೂ ಇಂಥದ್ದೇ ಶಬ್ದ. ಮುಂದಿನದನ್ನೆಲ್ಲ ಬಿಚ್ಚಿದ ಮೇಲೆ ಅದು ನೆನಪಾಗುವುದು ರೂಢಿ.

ಇಂಜಿನ್ ಕಡೆಯದಾದರೆ ಬೇರೆ ಲೆಕ್ಕ. ಏರು ರಸ್ತೆಯಲ್ಲಿ ಮೇಲಿನ ಗೇರಿನಲ್ಲೇ ಎಳೆಸುವಾಗ ಕಿಣಿಕಿಣಿ ಅಂದು, ಗೇರ್ ಇಳಿಸಿದ ಕೂಡಲೆ ನಿಂತರೆ ಅದು ಇಂಧನ ಹೊತ್ತಲ್ಲದ ಹೊತ್ತಲ್ಲಿ ಉರಿಯುವ ನಾಕಿಂಗ್. ಒಳಗೆ ಕಟ್ಟಿರುವ ಕಾರ್ಬನ್, ಟೈಮಿಂಗ್, ಅತಿಯಾದ ಬಿಸಿ ಇವು ಕಾರಣಗಳು. ಈಗ ಎಲ್ಲದಕ್ಕೂ ಎಥನಾಲ್ ಮಿಶ್ರಿತ ಪೆಟ್ರೋಲನ್ನು ಬೈಯುವುದು ರೂಢಿಯಾಗಿದೆ. ಹಳೆ ರಬ್ಬರ್ ಪೈಪುಗಳ ವಿಷಯದಲ್ಲಿ ಆ ಅಸಮಾಧಾನಕ್ಕೆ ಅರ್ಥವಿದೆ, ಆದರೆ ಎಥನಾಲ್‌ನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಪೆಟ್ರೋಲಿಗಿಂತ ಹೆಚ್ಚು, ಈ ಶಬ್ದಕ್ಕೆ ಮೊದಲು ಅದನ್ನೇ ಅನುಮಾನಿಸಬೇಕಾಗಿಲ್ಲ. ಇಂಜಿನ್ ಮೇಲ್ಭಾಗದಿಂದ ಬರುವ ಹಗುರವಾದ ಟಿಕಟಿಕಕ್ಕೆ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಸಂದು ಸರಿಪಡಿಸುವುದು) ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಕೆಳಗಿನಿಂದ ಭಾರವಾಗಿ ‘ಡಗ್ ಡಗ್’ ಅಂದು ಅಕ್ಸಿಲರೇಟರ್ ಒತ್ತಿದಷ್ಟೂ ಜೋರಾದರೆ, ಜೊತೆಗೆ ಆಯಿಲ್ ದೀಪ ಮಿನುಗಿದರೆ, ರಸ್ತೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಕ್ರ್ಯಾಂಕ್ ಬೇರಿಂಗ್ ಹೋಗುತ್ತಿರುವ ಇಂಜಿನ್ನನ್ನು ಮನೆವರೆಗೆ ಓಡಿಸಿದರೆ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಟೋ ಮಾಡಿಸಿ.

ಸವೆದರೆ ಕಾರು ಓಡಿಸಲೇಬಾರದ ಭಾಗಗಳು ಇನ್ನೂ ಎರಡಿವೆ: ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಮತ್ತು ಸ್ಟಿಯರಿಂಗಿನಿಂದ ಚಕ್ರವನ್ನು ತಿರುಗಿಸುವ ಟೈ ರಾಡ್‌ನ ತುದಿ (ಟೈ ರಾಡ್ ಎಂಡ್). ಲಿಂಕ್ ರಾಡ್ ಸವೆದರೆ ಕಿರಿಕಿರಿ ಅಷ್ಟೇ, ಇವು ಕಳಚಿಕೊಂಡರೆ ಚಕ್ರ ನಿಮ್ಮ ಹಿಡಿತ ತಪ್ಪುತ್ತದೆ. ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಇದ್ದರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್, ಎಡ ಬಲ ಹಿಡಿದು ಅಲ್ಲಾಡಿಸಿದಾಗ ಇದ್ದರೆ ಟೈ ರಾಡ್. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡಿ.

ಗ್ಯಾರೇಜಿಗೆ ಹೋಗುವಾಗ ‘ಎಡಗಡೆ ಶಬ್ದ ಬರ್ತಾ ಇದೆ, ನೋಡಿ’ ಅನ್ನುವ ಬದಲು ‘ಅಣ್ಣ, ಹಂಪು ಓರೆಯಾಗಿ ಹತ್ತಿಸಿದಾಗ ಬರುತ್ತೆ, ನೇರ ಹತ್ತಿಸಿದ್ರೆ ಬರಲ್ಲ, ಬ್ರೇಕ್ ಮುಟ್ಟಿದ್ರೂ ನಿಲ್ಲಲ್ಲ’ ಅನ್ನಿ. ಪಕ್ಕದವರು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತ ‘ಗುಂಡಿ’, ‘ಬ್ರೇಕ್’, ‘ಬಲಕ್ಕೆ’ ಎಂದು ಬಾಯಲ್ಲಿ ಹೇಳುತ್ತ ಹೋಗಿದ್ದರೆ ಅದನ್ನು ಕೇಳಿಸಿ. ಕಾರನ್ನು ಬಿಟ್ಟು ಬರುವ ಮುಂಚೆ ಮೆಕ್ಯಾನಿಕ್ಕನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ ಶಬ್ದ ಬರುವ ರಸ್ತೆಯಲ್ಲಿ ಒಂದು ಟ್ರಯಲ್ ಹೋಗಿ. ಅವರ ಕಿವಿಗೂ ಬಿದ್ದ ಮೇಲೆಯೇ ಸ್ಪ್ಯಾನರ್ ಮುಟ್ಟಲಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ, ತೆಗೆದ ಹಳೆಯದನ್ನು ಕೇಳಿ ತೆಗೆದುಕೊಂಡು ಕೈಯಲ್ಲಿ ಅಲ್ಲಾಡಿಸಿ ನೋಡಿ.

ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ನೀವೇ ತಂದುಕೊಡಬಹುದು, ಆದರೆ ಬುಷ್ ಮತ್ತು ಲಿಂಕ್ ರಾಡ್‌ನಲ್ಲಿ ಅಗ್ಗದ ಲೋಕಲ್ ಮಾಲಿಗೆ ಹೋಗಬೇಡಿ. ಲೋವರ್ ಆರ್ಮ್ ಬುಷ್ ಹಾಕಿಸುವುದಾದರೆ ಅದರ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಚಕ್ರಗಳು ನೆಲದ ಮೇಲೆ ಕೂತು ಕಾರಿನ ಭಾರ ಬಿದ್ದ ಮೇಲೆ. ಚಕ್ರ ಜೋತುಬಿದ್ದಾಗಲೇ ಬಿಗಿದರೆ ಕಾರು ಇಳಿಸಿದ ಕೂಡಲೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ, ಅದೇ ಶಬ್ದ ವಾಪಸ್ ಬರುತ್ತದೆ. ಲೋವರ್ ಆರ್ಮ್ ಅಥವಾ ಟೈ ರಾಡ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಮಾಡಿಸಿಯೇ ಮನೆಗೆ ಹೋಗಿ.