ಹಿಂದಿನವರು ಬರೀ ಕಾಟನ್‌ನಲ್ಲೇ ಮಲಗುತ್ತಿದ್ದರಾ?

ಪ್ರಶ್ನೆ: ಮೇಡಂ, ಹಿಂದಿನ ಕಾಲದ ಹೆಂಗಸರು ರಾತ್ರಿ ಶುದ್ಧ ಕಾಟನ್ ನೈಟ್‌ಗೌನ್ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲವಂತೆ. ಅದಕ್ಕೇ ಅವರಿಗೆ ಒಳ್ಳೆ ನಿದ್ದೆ ಬರುತ್ತಿತ್ತಂತೆ. ಸಿಂಥೆಟಿಕ್ ಎಲ್ಲ ಈಗಿನವರ ಶೋಕಿ ಅಂತಾರೆ. ನಿಜವಾ?

ಉತ್ತರ: ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಮೊದಲೆಲ್ಲ ಎರಡು ಸಾಲಿನಲ್ಲಿ ಉತ್ತರ ಕೊಡುತ್ತಿದ್ದೆ. ಎರಡು ಸಾಲನ್ನು ಯಾರೂ ನಂಬುವುದಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ತೋರಿಸಿ.

ಮೊದಲು ಒಂದು ಮಾತು. "ಹಿಂದಿನ ಕಾಲ" ಅಂದರೆ ಯಾವ ಕಾಲ? 1900ರ ಆಸುಪಾಸು ಅಂದರೆ ಒಪ್ಪುತ್ತೇನೆ. ಆಗ ಹತ್ತಿ, ಲಿನನ್, ಚಳಿಗೆ ಉಣ್ಣೆ, ದುಡ್ಡಿದ್ದವರಿಗೆ ರೇಷ್ಮೆ, ಇಷ್ಟೇ ಇದ್ದದ್ದು. ಆದರೆ ಕೇಳುವವರ ಮನಸ್ಸಿನಲ್ಲಿ ಇರುವುದು 1950, 60, 70ರ ದಶಕ. ಅದು ಕಾಟನ್ ಕಾಲ ಅಲ್ಲವೇ ಅಲ್ಲ. ಅದು ನೈಲಾನ್ ಕಾಲ. ನಾನಿಲ್ಲಿ ಹೇಳುತ್ತಿರುವುದು ಬ್ರಿಟನ್, ಅಮೆರಿಕದ ಕಥೆ. ಕಾರ್ಖಾನೆ, ಜಾಹೀರಾತು, ಕಾನೂನು ಎಲ್ಲದರಲ್ಲೂ ಇದರ ಗುರುತು ಅಲ್ಲಿ ಚೆನ್ನಾಗಿ ಉಳಿದಿದೆ.

ನೈಲಾನ್‌ಗೂ ಮೊದಲೇ ಮರದ ತಿರುಳಿನಿಂದ ಮಾಡುವ ರೇಯಾನ್ ಬಂದಿತ್ತು. 1920, 30ರ ದಶಕದಲ್ಲೇ "ಆರ್ಟ್ ಸಿಲ್ಕ್" ಹೆಸರಿನಲ್ಲಿ ಅದರ ನೈಟ್‌ಗೌನ್ ಸಿಗುತ್ತಿತ್ತು. ಆರ್ಟ್ ಅಂದರೆ ಕಲೆ ಅಲ್ಲ, ಆರ್ಟಿಫಿಶಿಯಲ್ ಅನ್ನುವುದರ ಚುಟುಕು ರೂಪ. ಹೆಸರಲ್ಲೇ ನಕಲಿ ಅಂತ ಒಪ್ಪಿಕೊಂಡು ಬಂದ ಬಟ್ಟೆ ಅದು! 1938ರಲ್ಲಿ ಡುಪಾಂಟ್ ಕಂಪನಿ ನೈಲಾನ್ ಬಗ್ಗೆ ಲೋಕಕ್ಕೆ ಸಾರಿತು. 1940ರ ಮೇ ತಿಂಗಳಲ್ಲಿ ಅಮೆರಿಕದಾದ್ಯಂತ ನೈಲಾನ್ ಕಾಲುಚೀಲದ ಮಾರಾಟ ಶುರುವಾಯಿತು. ಅಷ್ಟರಲ್ಲಿ ಯುದ್ಧ. ನೈಲಾನ್ ಎಲ್ಲ ಪ್ಯಾರಾಶೂಟ್‌ಗೆ ಹೋಯಿತು. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ರೇಷನ್. ಆಗ ಹೆಂಗಸರು ಏನು ಮಾಡಿದರು ಗೊತ್ತಾ? ಪ್ಯಾರಾಶೂಟ್ ಬಟ್ಟೆ ಸಿಕ್ಕಿದರೆ ಅದನ್ನೇ ಬಿಚ್ಚಿ ನೈಟ್‌ಗೌನ್, ಒಳಉಡುಪು ಹೊಲಿದುಕೊಂಡರು. ಶುದ್ಧ ಕಾಟನ್ ಬೇಕು ಅಂತ ಹಟ ಹಿಡಿದವರು ಮಾಡುವ ಕೆಲಸವಾ ಇದು?

ಯುದ್ಧ ಮುಗಿದ ಮೇಲಂತೂ ಕೇಳಲೇಬೇಡಿ. ನೈಲಾನ್ ಗೌನ್, ಅದರ ಮೇಲೊಂದು ನೈಲಾನ್ ಕೋಟು, ಅಂಚಿಗೆ ನೈಲಾನ್ ಲೇಸು. 60ರ ದಶಕದ ಬ್ರಿಟನ್ನಿನಲ್ಲಿ ಹಾಸಿಗೆಯ ಹೊದಿಕೆಯೂ ನೈಲಾನ್. ಕತ್ತಲಲ್ಲಿ ಗೌನ್ ಎಳೆದರೆ ಚಟಪಟ ಅಂತ ಸ್ಥಿರ ವಿದ್ಯುತ್ತಿನ ನೀಲಿ ಕಿಡಿ. ಕೂದಲೆಲ್ಲ ನೆಟ್ಟಗೆ. ಆದರೂ ಬಿಡಲಿಲ್ಲ. ಯಾಕೆ ಅಂದರೆ, ರಾತ್ರಿ ಒಗೆದು ನೇತುಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತಿತ್ತು. ಇಸ್ತ್ರಿ ಬೇಡ. ಮನೆಯ ರಾಶಿ ಬಟ್ಟೆ ಕೈಯಲ್ಲಿ ಒಗೆಯುತ್ತಿದ್ದವರಿಗೆ ಇದಕ್ಕಿಂತ ಇನ್ನೇನು ಬೇಕು? ಇದನ್ನು ಶೋಕಿ ಅನ್ನುವವರು ಒಂದು ಬಕೆಟ್ ನೆನೆದ ಕಾಟನ್ ಹಿಂಡಿ ನೋಡಲಿ.

ಇನ್ನು ನಿದ್ದೆಯ ಮಾತು. ಲ್ಯಾಬ್‌ನ ಸಾಮಾನ್ಯ ಹವೆಯಲ್ಲಿ ಇಟ್ಟರೆ 100 ಗ್ರಾಂ ಒಣ ಹತ್ತಿ ಗಾಳಿಯ ತೇವವನ್ನೇ ಸುಮಾರು 8 ಗ್ರಾಂ ಹೀರುತ್ತದೆ. ನೈಲಾನ್ ಸುಮಾರು 4 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಹಾಗಾದರೆ ಕಾಟನ್ ಗೆದ್ದಿತು ಅಲ್ವಾ ಅಂತೀರಿ. ತಡೆಯಿರಿ, ಉಣ್ಣೆ 16 ಗ್ರಾಂ ಹತ್ತಿರ ಹೀರುತ್ತದೆ. ಜೊತೆಗೆ, ಹತ್ತಿ ಹೀರಿದ್ದನ್ನು ಬೇಗ ಬಿಡುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ರಾತ್ರಿ ಬೆವರಿ ಎಚ್ಚರವಾಗುವವರನ್ನು ಕೇಳಿ. ಒದ್ದೆ ಕಾಟನ್ ಬೆನ್ನಿಗೆ ಅಂಟಿಕೊಂಡು ಆಮೇಲೆ ಚಳಿ ಹುಟ್ಟಿಸುತ್ತದೆ. ಸೆಕೆಗೆ ತೆಳು ಕಾಟನ್ ಒಳ್ಳೆಯದು, ನಾನೂ ಅದನ್ನೇ ಹಾಕುವುದು. ಆದರೆ ಹೆಣಿಗೆ, ದಪ್ಪ, ಸಡಿಲ, ಕೋಣೆಯ ಸೆಕೆ ಇವೆಲ್ಲ ಬಿಟ್ಟು ಸುಮ್ನೆ "ಕಾಟನ್" ಅಂದರೆ ಅದು ಅರ್ಧ ಉತ್ತರ.

1900ರ ಆಸುಪಾಸಿನ ಕಾಟನ್ನಿಗೆ ಇನ್ನೊಂದು ಮುಖ ಇತ್ತು. ಅದನ್ನು ಯಾರೂ ಹೇಳುವುದಿಲ್ಲ. ಫ್ಲಾನೆಲೆಟ್ ಅಂತ ಒಂದು ಬಟ್ಟೆ. ಹತ್ತಿಯನ್ನೇ ಉಜ್ಜಿ ಮೇಲೆ ಕೂದಲಿನಂಥ ನವಿರು ಎಬ್ಬಿಸಿದ್ದು. ಮೆತ್ತಗೆ, ಬೆಚ್ಚಗೆ, ಅಗ್ಗ. ನನ್ನ ತರಗತಿಯಲ್ಲಿ ಇದರ ಒಂದು ತುಂಡನ್ನು ಚಿಮಟದಲ್ಲಿ ನೇತಾಡಿಸಿ ಕೆಳಗೆ ಮೇಣದ ಬತ್ತಿ ಹಿಡಿಯುತ್ತೇನೆ. ಮೊದಲು ಬಟ್ಟೆ ಉರಿಯುವುದಿಲ್ಲ. ಆ ನವಿರಿನ ಮೇಲೆ ಬೆಂಕಿ ಸರ್ರನೆ ಮೇಲಕ್ಕೆ ಓಡುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿತು. ಆಮೇಲೆ ಬಟ್ಟೆ ಹತ್ತಿಕೊಳ್ಳುತ್ತದೆ, ಕಾಗದ ಸುಟ್ಟ ವಾಸನೆ. ಅದರ ಪಕ್ಕ ನೈಲಾನ್ ಎಳೆ ಹಿಡಿದರೆ ಅದು ಮುದುಡಿ ಕರಗಿ ಗಟ್ಟಿ ಮಣಿ ಆಗುತ್ತದೆ. ಹಾಗಂತ ನೈಲಾನ್ ಸುರಕ್ಷಿತ ಅಂತ ಬರೆದುಕೊಳ್ಳಬೇಡಿ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಪ್ರತಿ ವರ್ಷ ಒಬ್ಬರಾದರೂ ಹಾಗೆ ಬರೆದುಕೊಳ್ಳುತ್ತಾರೆ.

ಈಗ ನೋಡಿ, ನೆಲ ಮುಟ್ಟುವ ಸಡಿಲ ಫ್ಲಾನೆಲೆಟ್ ಗೌನ್, ಮನೆಯಲ್ಲಿ ತೆರೆದ ಬೆಂಕಿಗೂಡು. ಗೌನಿನ ಅಂಚು ತಾಗಿದರೆ ಸಾಕು. ಹೆಂಗಸರು, ಮಕ್ಕಳು ಹೀಗೆ ಸುಟ್ಟುಕೊಳ್ಳುವುದು ಎಷ್ಟು ಜಾಸ್ತಿ ಆಗಿತ್ತು ಅಂದರೆ, 20ನೇ ಶತಮಾನದ ಆರಂಭದಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಜೂನಿಯರ್ ಎಂಬ ರಸಾಯನ ವಿಜ್ಞಾನಿ ತವರದ ಲವಣ ಬಳಸಿ ಬೇಗ ಹೊತ್ತಿಕೊಳ್ಳದ ಫ್ಲಾನೆಲೆಟ್ ಮಾಡಿದ. ಬ್ರಿಟನ್ನಿನಲ್ಲಿ ಮಕ್ಕಳ ನೈಟ್‌ಗೌನ್ ಬೇಗ ಹೊತ್ತಿಕೊಳ್ಳಬಾರದು ಅಂತ ಕಾನೂನು ಬಂದದ್ದು ಮಾತ್ರ 1964ರಲ್ಲಿ.

    

ಮಕ್ಕಳ ಮಾತು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಕ್ಕಳ ಕಾಟನ್ ನೈಟ್‌ಡ್ರೆಸ್ ಕೆಲವು ಯಾಕೆ ಅಷ್ಟು ಬಿಗಿ ಅಂತ ಯೋಚಿಸಿದ್ದೀರಾ? ಬಟ್ಟೆ ಉಳಿಸಲಿಕ್ಕೆ ಅಲ್ಲ. ಅಮೆರಿಕದಲ್ಲಿ 70ರ ದಶಕದ ಆರಂಭದಲ್ಲಿ ಮಕ್ಕಳ ರಾತ್ರಿಯುಡುಪು ಬೇಗ ಉರಿಯಬಾರದು ಅಂತ ನಿಯಮ ಬಂತು. ಕಂಪನಿಗಳು ಬೆಂಕಿ ತಡೆಯಲು ಟ್ರಿಸ್ ಎಂಬ ರಾಸಾಯನಿಕ ಬಳಿದವು. ಅದು ಕ್ಯಾನ್ಸರ್ ತರಬಹುದು ಅಂತ ಗೊತ್ತಾಗಿ 1977ರಲ್ಲಿ ನಿಷೇಧವಾಯಿತು. 1996ರಲ್ಲಿ ಇನ್ನೊಂದು ದಾರಿ ಬಿಟ್ಟರು: ಮೈಗೆ ಅಂಟಿಕೊಂಡಂತಿದ್ದರೆ ರಾಸಾಯನಿಕ ಇಲ್ಲದ ಕಾಟನ್ ಕೂಡ ಆಗಬಹುದು. ಬಿಗಿಯಾಗಿದ್ದರೆ ಬಟ್ಟೆ ಹಾರಾಡಿ ಬೆಂಕಿಗೆ ತಾಗುವುದು ಕಡಿಮೆ. ಚರ್ಮಕ್ಕೂ ಬಟ್ಟೆಗೂ ನಡುವೆ ಗಾಳಿ ಇಲ್ಲದಿದ್ದರೆ ಉರಿ ಹಬ್ಬುವುದೂ ನಿಧಾನ. ಮೈಗೆ ಅಂಟಿಕೊಂಡಂತಿರಬೇಕು ಅಂತ ಲೇಬಲ್ ಇರುವ ಬಟ್ಟೆಯನ್ನು "ಮಗು ಬೆಳೆಯುತ್ತೆ" ಅಂತ ಎರಡು ಸೈಜ್ ದೊಡ್ಡದು ತಂದರೆ ಆ ಲೆಕ್ಕವೇ ತಪ್ಪಿಹೋಗುತ್ತದೆ.