ಗೇಜ್‌ನ ಮುಳ್ಳು ಮೇಲೇರಿದ ಮಾತ್ರಕ್ಕೆ ಪೆಲೆಟ್‌ನ ವೇಗ ಏರದು

ಪಿಸಿಪಿ ಏರ್ ರೈಫಲ್, ಅಂದರೆ ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಪೆಲೆಟ್ (ಪುಟ್ಟ ಗುಂಡು) ಹಾರಿಸುವ ಬಂದೂಕನ್ನು, ರಿಪೇರಿಗೆ ತರುವವರ ದೂರು ಹೆಚ್ಚುಕಡಿಮೆ ಒಂದೇ: "ಫುಲ್ ಗಾಳಿ ತುಂಬಿದ್ದೇನೆ, ಆದರೂ ಮೊದಲ ಏಳೆಂಟು ಪೆಲೆಟ್ ಗುರಿಯ ಕೆಳಗೇ ಬೀಳುತ್ತವೆ. ವಾಲ್ವ್ ಹೋಗಿರಬೇಕು." ಬಹಳಷ್ಟು ಸಲ ವಾಲ್ವ್‌ಗೆ ಏನೂ ಆಗಿರುವುದಿಲ್ಲ. ತುಂಬಿದ ಗಾಳಿ ಜಾಸ್ತಿಯಾಗಿರುತ್ತದೆ, ಅಷ್ಟೇ. ಎಷ್ಟು ಹೇಳಿದರೂ ಇದೊಂದು ಮಾತು ಜನರ ತಲೆಗೆ ಇಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ರೆಗ್ಯುಲೇಟರ್ (ವಾಲ್ವ್‌ಗೆ ಹೋಗುವ ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ಭಾಗ) ಇಲ್ಲದ ರೈಫಲ್. ಟ್ರಿಗರ್ ಎಳೆದಾಗ ಸ್ಪ್ರಿಂಗ್ ನೂಕಿದ ಹ್ಯಾಮರ್ ಹೋಗಿ ವಾಲ್ವ್‌ನ ಕಡ್ಡಿಗೆ ಬಡಿಯುತ್ತದೆ. ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಆ ಸಂದಿನಲ್ಲಿ ನುಗ್ಗಿದ ಗಾಳಿಯೇ ಪೆಲೆಟ್ಟನ್ನು ತಳ್ಳುವುದು. ಜನ ಮರೆಯುವುದು ಏನೆಂದರೆ, ವಾಲ್ವನ್ನು ಮುಚ್ಚಿ ಹಿಡಿದಿರುವುದೂ ಅದೇ ಗಾಳಿ. ಒಳಗಿನಿಂದ ಜನ ಒರಗಿ ನಿಂತ ಬಾಗಿಲನ್ನು ಹೊರಗಿನಿಂದ ಗುದ್ದಿ ತೆರೆದ ಹಾಗೆ. ಒಳಗೆ ಜನ ಹೆಚ್ಚಿದಷ್ಟೂ ಬಾಗಿಲು ಕಡಿಮೆ ತೆರೆಯುತ್ತದೆ.

ಲೆಕ್ಕ ಹಾಕಿ ನೋಡಿ. ವಾಲ್ವ್ ಸೀಟಿನ (ವಾಲ್ವ್ ಕೂತು ಮುಚ್ಚುವ ಜಾಗದ) ವ್ಯಾಸ 7 ಮಿ.ಮೀ. ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ ಸುಮಾರು 38.5 ಚದರ ಮಿ.ಮೀ. 100 ಬಾರ್ ಒತ್ತಡದಲ್ಲಿ ಅದರ ಮೇಲೆ ಬೀಳುವ ಬಲ 385 ನ್ಯೂಟನ್, ಅಂದರೆ 39 ಕಿಲೋ ತೂಕದಷ್ಟು. 200 ಬಾರ್‌ಗೆ ಅದು 78 ಕಿಲೋ. ಹ್ಯಾಮರಿನ ಪೆಟ್ಟು ಮಾತ್ರ ಎರಡೂ ಸಲ ಅಷ್ಟೇ. ಹಾಗಾಗಿ ತುಂಬು ಒತ್ತಡದಲ್ಲಿ ವಾಲ್ವ್ ಕಡಿಮೆ ತೆರೆದು ಬೇಗ ಮುಚ್ಚುತ್ತದೆ, ಪೆಲೆಟ್ ನಿಧಾನವಾಗುತ್ತದೆ. ಒತ್ತಡ ಇಳಿದಂತೆ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗ ಏರುತ್ತದೆ. ನಡುವೆ ಒಂದಷ್ಟು ಹೊಡೆತಗಳು ಸಮವಾಗಿ ಹೋಗುತ್ತವೆ. ಆಮೇಲೆ ಗಾಳಿಯೇ ಸಾಲದಾಗಿ ವೇಗ ಬೀಳುತ್ತದೆ.

ಆ ನಡುವಿನ ಭಾಗವನ್ನು ಹುಡುಕಿಕೊಳ್ಳುವುದೇ ನಿಮ್ಮ ಕೆಲಸ. ತಯಾರಕರು ಹೇಳಿದ ಗರಿಷ್ಠ ಮಿತಿಯವರೆಗೆ ತುಂಬಿ, ಒಂದೇ ಡಬ್ಬಿಯ ಪೆಲೆಟ್‌ಗಳನ್ನು ಕ್ರೋನೋಗ್ರಾಫ್ (ಪೆಲೆಟ್‌ನ ವೇಗ ಅಳೆಯುವ ಯಂತ್ರ) ಮೇಲೆ ಹಾದುಹೋಗುವಂತೆ ಹೊಡೆಯಿರಿ. ಪ್ರತಿ ಹೊಡೆತದ ವೇಗ ಬರೆದುಕೊಳ್ಳಿ, ಐದು ಹೊಡೆತಕ್ಕೊಮ್ಮೆ ಒತ್ತಡ ತೋರಿಸುವ ಗೇಜ್ ನೋಡಿ. ವೇಗ 175 ಬಾರ್‌ನಲ್ಲಿ ಸಮವಾಗಿ 120ರಲ್ಲಿ ಇಳಿಯತೊಡಗಿದರೆ, ಇನ್ನು ಮುಂದೆ 175ಕ್ಕೆ ತುಂಬಿ, 120ಕ್ಕೆ ನಿಲ್ಲಿಸಿ. ರೈಫಲ್ ಮೇಲಿನ ಪುಟ್ಟ ಗೇಜ್‌ಗಳು ಅಷ್ಟು ನಿಖರವಲ್ಲ. ಆದ್ದರಿಂದ ಇನ್ನೊಬ್ಬರ ರೈಫಲ್‌ನ ಅಂಕಿ, ಅದೇ ಮಾಡೆಲ್ ಆದರೂ, ನಿಮ್ಮದಕ್ಕೆ ಹೊಂದಲಿಕ್ಕಿಲ್ಲ.

ರೆಗ್ಯುಲೇಟರ್ ಇದ್ದರೆ ಕಥೆ ಬೇರೆ. ಅದನ್ನು 130 ಬಾರ್‌ಗೆ ಹೊಂದಿಸಿದ್ದರೆ ಸಿಲಿಂಡರಿನಲ್ಲಿ 250 ಇರಲಿ, 180 ಇರಲಿ, ವಾಲ್ವ್‌ಗೆ ಸಿಗುವುದು ಆ 130 ಮಾತ್ರ. ಹೆಚ್ಚು ತುಂಬಿದರೆ ಹೊಡೆತಗಳ ಸಂಖ್ಯೆ ಹೆಚ್ಚುತ್ತದೆ, ವೇಗವಲ್ಲ. ಇಲ್ಲಿ ಬರುವ ತೊಂದರೆ ಬೇರೆ ಥರದ್ದು: ರಾತ್ರಿಯಿಡೀ ಸುಮ್ಮನಿದ್ದ ರೈಫಲ್‌ನ ಮೊದಲ ಹೊಡೆತ ಮಾತ್ರ ದಾರಿ ತಪ್ಪಿ, ಉಳಿದವು ಸರಿಯಾಗಿ ಹೋದರೆ, ರೆಗ್ಯುಲೇಟರಿನ ಸೀಟು ಸಣ್ಣಗೆ ಸೋರಿ ಅದಕ್ಕೂ ವಾಲ್ವ್‌ಗೂ ನಡುವಿನ ಕೋಣೆಯ ಒತ್ತಡ ಏರುತ್ತಿರಬಹುದು.

ತುಂಬುವ ವೇಗದ ಬಗ್ಗೆಯೂ ಒಂದು ಮಾತು. ಸರ್ರನೆ ತುಂಬಿದರೆ ಗಾಳಿ ಬಿಸಿಯಾಗುತ್ತದೆ. 50 ಡಿಗ್ರಿ ಬಿಸಿಯಲ್ಲಿ 200 ತೋರಿಸಿದ ಮುಳ್ಳು 20 ಡಿಗ್ರಿಗೆ ತಣಿದಾಗ 181ರ ಹತ್ತಿರ ನಿಲ್ಲುತ್ತದೆ. ಅದು ಸೋರಿಕೆಯಲ್ಲ, ದಯವಿಟ್ಟು ಒ-ರಿಂಗ್ (ಗಾಳಿ ಸೋರದಂತೆ ತಡೆಯುವ ಉಂಗುರ) ಬಿಚ್ಚಲು ಹೋಗಬೇಡಿ. ತಿರುಗುಮುರುಗಾದರೆ ಅಪಾಯ: ತಂಪಿನಲ್ಲಿ 200ಕ್ಕೆ ತುಂಬಿದ ರೈಫಲ್ಲನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ, ಒಳಗೆ 50 ಡಿಗ್ರಿಯಾದಾಗ ಒತ್ತಡ 220 ದಾಟುತ್ತದೆ.

ಮಿತಿ ಮೀರಿ ತುಂಬಿದಾಗ ಹ್ಯಾಮರಿಗೆ ವಾಲ್ವ್ ತೆರೆಯಲು ಆಗದೇ ಹೋಗಬಹುದು. ಟಕ್ ಎಂಬ ಸದ್ದು ಮಾತ್ರ ಬರುತ್ತದೆ, ಪೆಲೆಟ್ ಬ್ಯಾರಲ್‌ನಲ್ಲೇ ಉಳಿಯುತ್ತದೆ. ರೈಫಲ್ ಖಾಲಿ ಎಂದು ಭಾವಿಸಿ ಸಿಲಿಂಡರ್ ತಿರುಚಿ ಬಿಚ್ಚುವವರಿದ್ದಾರೆ. ಬೇಡ. ಬ್ಯಾರಲ್‌ನ ಬಾಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಗಾಳಿ ಬಿಡುವ ತಿರುಪು ಇದ್ದರೆ ಕೈಪಿಡಿಯಲ್ಲಿ ಹೇಳಿದಂತೆ ನಿಧಾನವಾಗಿ ಇಳಿಸಿ. ಅದು ಇಲ್ಲದಿದ್ದರೆ ಒಂದು ತಿರುಪನ್ನೂ ಮುಟ್ಟದೆ ಹಾಗೆಯೇ ರಿಪೇರಿಯವರ ಬಳಿಗೆ ಒಯ್ದು, ಒಳಗೆ ಗಾಳಿಯೂ ಪೆಲೆಟ್ಟೂ ಇವೆ ಎಂದು ಮೊದಲೇ ತಿಳಿಸಿ.