‘ಅನ್‌ಸೇಫ್’ ಎಂದು ಬರೆದ ಮೇಲೆ ರಸ್ಟ್‌ಗೂ ಸಿಗೂ ಏನು ವ್ಯತ್ಯಾಸ?

ಪ್ರಶ್ನೆ: ಆಗುಂಬೆಯ ನಮ್ಮ ಮನೆಯಲ್ಲಿರುವ ಮಳೆಮಾಪಕದ ಗಂಟೆಗೊಂದು ಅಂಕಿಯನ್ನು ಓದಲು ರಸ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಮಾಪಕದ ಜೊತೆ ಬಂದ ಲೈಬ್ರರಿ ಸಿ ಭಾಷೆಯದು. ಅದನ್ನು ಕರೆಯಲು ‘ಅನ್‌ಸೇಫ್’ ಹಾಕಲೇಬೇಕು. ಹಾಕಿದರೆ, ಮೆಮೊರಿಯ ತಪ್ಪು ಜಾಗವನ್ನು ಮುಟ್ಟದಂತೆ ರಸ್ಟ್ ಕಾಯುವ ಮೆಮೊರಿ ಸುರಕ್ಷತೆ ಹೋಯಿತಲ್ಲವೇ? ಸಿಯಲ್ಲೇ ಬರೆಯಬಹುದಿತ್ತಲ್ಲ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹೋಗುವುದಿಲ್ಲ, ದಯವಿಟ್ಟು ರಸ್ಟ್ ಬಿಡಬೇಡಿ. ಅಡಿಕೆ ತೋಟದಲ್ಲಿ ಕೊನೆಗೌಡ ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟುವುದನ್ನು ನೀವು ನೋಡಿರುತ್ತೀರಿ. ಆ ಮರ ಗಟ್ಟಿಯಿದೆಯೇ ಎಂಬುದು ಕೆಳಗೆ ಹಗ್ಗ ಹಿಡಿದವನಿಗೆ ಕಾಣದು, ಮೇಲಿರುವವನೇ ನೋಡಿಕೊಳ್ಳಬೇಕು. ಕೋಡನ್ನು ಪರೀಕ್ಷಿಸಿ ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಕೆಳಗಿರುವವನು. ತನಗೆ ಕಾಣದ ಕಡೆ ಅದು ನಿಮ್ಮ ಮಾತನ್ನು ನಂಬುತ್ತದೆ, ಆ ಮಾತೇ ‘ಅನ್‌ಸೇಫ್’.

ಹಾಗೆ ಗುರುತು ಹಾಕಿದ ಕೋಡಿನ ಬ್ಲಾಕಿನಲ್ಲಿ ಹೆಚ್ಚುವರಿಯಾಗಿ ಸಿಗುವ ಅನುಮತಿಗಳು ಕೆಲವೇ: ಕಚ್ಚಾ ಪಾಯಿಂಟರ್ (ಕಂಪೈಲರ್ ಪರೀಕ್ಷಿಸದ ಮೆಮೊರಿ ವಿಳಾಸ) ತೋರಿಸುವ ಜಾಗವನ್ನು ಓದುವುದು, ನಿಮ್ಮ ಲೈಬ್ರರಿಯಂಥವುಗಳ ಅನ್‌ಸೇಫ್ ಫಂಕ್ಷನ್‌ಗಳನ್ನು ಕರೆಯುವುದು, ಇಂಥವು. ಒಂದೇ ದತ್ತಾಂಶವನ್ನು ಯಾರು, ಎಲ್ಲಿಯವರೆಗೆ ಬಳಸಬಹುದು ಎಂದು ನೋಡುವ ಕಂಪೈಲರಿನ ಭಾಗ ‘ಬಾರೋ ಚೆಕರ್’ ಬ್ಲಾಕಿನ ಒಳಗೂ ಎಚ್ಚರವಾಗಿಯೇ ಇರುತ್ತದೆ. ಸಿಯಲ್ಲಾದರೆ ತಪ್ಪಿಗಾಗಿ ಪ್ರತಿ ಸಾಲನ್ನೂ ಅನುಮಾನಿಸಬೇಕು. ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು.

ಈಗ ನಿಮ್ಮ ಮಾಪಕಕ್ಕೆ ಬರುತ್ತೇನೆ. ಲೈಬ್ರರಿ ಒಂದು ಪಾಯಿಂಟರನ್ನೂ ‘24’ ಎಂಬ ಎಣಿಕೆಯನ್ನೂ ಕೊಡುತ್ತದೆ ಎಂದುಕೊಳ್ಳಿ. ಅದನ್ನು ರಸ್ಟ್‌ನ ಸ್ಲೈಸ್ (ಸಾಲಾಗಿರುವ ಅಂಕಿಗಳನ್ನು ಉದ್ದದ ಸಮೇತ ತೋರಿಸುವ ನೋಟ) ಮಾಡಿಕೊಳ್ಳುವಾಗ ನೀವು ಮಾತು ಕೊಡುತ್ತಿರುವುದು ಇಷ್ಟು: ಪಾಯಿಂಟರ್ ಶೂನ್ಯವಲ್ಲ, ಅಲೈನ್‌ಮೆಂಟ್ (ಆ ಬಗೆಯ ಅಂಕಿಗೆ ಬೇಕಾದ ವಿಳಾಸದ ಹೊಂದಾಣಿಕೆ) ಸರಿಯಿದೆ, 24 ಅಂಕಿಗಳೂ ನಿಜವಾಗಿ ತುಂಬಿವೆ, ಸ್ಲೈಸ್ ಬಳಕೆಯಲ್ಲಿರುವವರೆಗೆ ಲೈಬ್ರರಿ ಆ ಜಾಗದಲ್ಲಿ ಹೊಸ ಅಂಕಿ ಬರೆಯುವುದಿಲ್ಲ. ಕೊನೆಯದು ಬಹಳ ಜನರಿಗೆ ಮರೆತುಹೋಗುತ್ತದೆ. ಇವನ್ನು ಬ್ಲಾಕಿನ ಮೇಲೆ ‘ಸೇಫ್ಟಿ’ ಎಂಬ ಟಿಪ್ಪಣಿಯಾಗಿ ಬರೆಯಿರಿ. ರಸ್ಟ್ ಬರೆಯುವವರಲ್ಲಿ ಅದು ರೂಢಿ.

ಆದರೆ ಬ್ಲಾಕನ್ನಷ್ಟೇ ಕಾದರೆ ಸಾಲದು. ಪಾಯಿಂಟರ್ ಮತ್ತು ಎಣಿಕೆಯನ್ನು ಒಂದು ಸ್ಟ್ರಕ್ಟ್‌ನಲ್ಲಿಟ್ಟು, ಎಣಿಕೆಯನ್ನು ‘ಪಬ್’, ಅಂದರೆ ಹೊರಗಿನ ಕೋಡಿಗೂ ಮುಕ್ತ, ಮಾಡಿದಿರಿ ಎನ್ನಿ. ಬೇರೆಲ್ಲೋ ಯಾರೋ ಅದನ್ನು 48 ಮಾಡುತ್ತಾರೆ. ಆ ಸಾಲಿನಲ್ಲಿ ‘ಅನ್‌ಸೇಫ್’ ಇಲ್ಲ, ಕಂಪೈಲರ್ ತಕರಾರು ಮಾಡುವುದಿಲ್ಲ, ಆದರೂ ಓದು ಎಲ್ಲೆ ದಾಟಿತು. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ಲೈಬ್ರರಿಯಲ್ಲಿ ಕಂಡ 2014ರ ಹಾರ್ಟ್‌ಬ್ಲೀಡ್ ದೋಷ ಇದೇ ಜಾತಿಯದು: ಕಳಿಸಿದವರು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದ್ದರಿಂದ, ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೂ ಮೆಮೊರಿ ಸೋರುತ್ತಿತ್ತು. ಆದ್ದರಿಂದ ನಿಜವಾದ ಬೇಲಿ ಆ ಬ್ಲಾಕ್ ಇರುವ ಮಾಡ್ಯೂಲಿನದು, ಅಂದರೆ ಕೋಡಿನ ಆ ವಿಭಾಗದ್ದು. ಆ ಎರಡೂ ಫೀಲ್ಡ್‌ಗಳನ್ನು ಖಾಸಗಿಯಾಗಿಡಿ, ಮಾಡ್ಯೂಲನ್ನು ಒಂದೇ ಬಾರಿಗೆ ಕೂತು ಓದಿ ಮುಗಿಸುವಷ್ಟು ಚಿಕ್ಕದಾಗಿಡಿ, ಹೊರಗೆ ಸುರಕ್ಷಿತ ಫಂಕ್ಷನ್‌ಗಳನ್ನು ಮಾತ್ರ ಬಿಡಿ.

ಪರೀಕ್ಷೆಗೆ ಮಿರಿ ಎಂಬ ಉಪಕರಣವಿದೆ, ರಸ್ಟ್ ಪ್ರೋಗ್ರಾಂ ಓಡುವಾಗ ಇಂಥ ಎಲ್ಲೆ ದಾಟುವಿಕೆಯನ್ನು ಅದು ಹಿಡಿದು ತೋರಿಸುತ್ತದೆ. ಅದು ಸಾಮಾನ್ಯವಾಗಿ ಸಿ ಲೈಬ್ರರಿಯ ಕರೆಗಳನ್ನು ನಡೆಸಲಾರದು. ಹಾಗಾಗಿ ರಸ್ಟ್‌ನಲ್ಲೇ 24 ಅಂಕಿಗಳ ಒಂದು ಅರೇ ಮಾಡಿ, ಅದರ ಪಾಯಿಂಟರನ್ನು ನಿಮ್ಮ ಮಾಡ್ಯೂಲಿಗೆ ಕೊಟ್ಟು ಮಿರಿಯಲ್ಲಿ ಓಡಿಸಿ. ಆಮೇಲೆ ಬೇಕೆಂದೇ ಎಣಿಕೆಯನ್ನು 25 ಮಾಡಿ ನೋಡಿ.